ಅಧಿಕ ಮಾಸ ಮತ್ತು ಹನ್ನೆರಡು ವಾರ

ಗಣೇಶ ಚೌತಿಯ ಮೂರನೇ ದಿನ ಮಧ್ಯಾಹ್ನ ಆಕೆ ಉಪಕೇಂದ್ರಕ್ಕೆ ಬಂದು, ಬಾಗಿಲು ಮುಂದೆ ಮಾಡಿ, ಕುಪ್ಪಸದೊಳಗಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ನಾಲ್ಕು ಗುಳಿಗೆಗಳಿದ್ದವು.

"ಇವನ್ನ ಹೆಂಗ ನುಂಗೂದ್ರಿ ಬಾಯಾರ? ನಾಲ್ಕೂ ಒಮ್ಮೆಲೇನೋ, ದಿನಕ್ಕೊಂದೋ?"

"ನುಂಗೂದು ಆಮ್ಯಾಲೆ. ಮದಲ ಕುಂದರು. ಯಾರು ಕೊಟ್ರು ಇವನ್ನ?"

"ಔಷಧ ಅಂಗಡ್ಯಾಂವ ಕೊಟ್ಟಾನ್ರಿ. ತಿಂಗಳ ತಪ್ಪೈತಿ ಅಂದೆ. ಏನೂ ಕೇಳಲಿಲ್ಲ, ಕೊಟ್ಟ."

"ಹಂಗಾರ ಅಂವ ಕೇಳದ್ದನ್ನೆಲ್ಲ ನಾ ಕೇಳ್ತೀನಿ," ಎಂದೆ. ಒಂದು ಕೇಳಿದರೆ ಹತ್ತು ಕೇಳುವುದು ನನ್ನ ಚಾಳಿ. ಊರಿನ ಹೆಂಗಸರು ಹಿಂದಿನಿಂದ ನನ್ನನ್ನು ಪೊಲೀಸ ಬಾಯಿ ಎನ್ನುತ್ತಿದ್ದುದು ನನಗೆ ಗೊತ್ತಿತ್ತು. ನನಗೇನೂ ಬೇಸರವಿರಲಿಲ್ಲ.

ಮಿಶ್ರಿಕೋಟಿಯಿಂದ ಒಂದು ಹರದಾರಿ ದೂರದ ಹಳ್ಳಿ ಅದು. ಎಂಬತ್ತರ ದಶಕದ ನಡುವಿನ ಮಾತು. ಸರಕಾರದ ನರ್ಸಾಗಿ ಹೆರಿಗೆ, ಚುಚ್ಚುಮದ್ದು, ಗರ್ಭಿಣಿಯರ ಕಾರ್ಡು ಎಲ್ಲವೂ ನನ್ನ ಪಾಲಿಗಿದ್ದವು. ಈ ಹೆಣ್ಣುಮಗಳನ್ನು ನಾನು ಮರೆಯುವ ಹಾಗಿರಲಿಲ್ಲ. ಹಿಂದಿನ ವರ್ಷ ಆಕೆಯ ನಾಲ್ಕನೇ ಹೆರಿಗೆ ಮಾಡಿಸಿದವಳು ನಾನೇ. ಕೂಸು ಬಂತು, ಕಸ, ಅಂದರೆ ಮಾಸು, ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಯಾರದೋ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಓಡಿದ್ದೆವು. ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿದ ಡಾಕ್ಟರು, ಮೂರು ವರ್ಷ ಬಸಿರಾಗಕೂಡದು ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಕಾಪರ್-ಟಿ ಹಾಕಿಸಿಕೋ ಎಂದು ನಾನು ಎರಡು ಸಲ ಹೇಳಿದ್ದೆ. ಹಬ್ಬ ಮುಗೀಲ್ರಿ ಎಂದಿದ್ದಳು. ಮೂರನೇ ಸಲ ಹೇಳುವುದು ನನ್ನ ಕೆಲಸವಾಗಿತ್ತು, ನಾನು ಹೇಳಲಿಲ್ಲ. ಈಗ ಕೂಸಿಗೆ ವರ್ಷ ತುಂಬುವುದರೊಳಗೆ ಮತ್ತೆ ಬಸಿರು. ಇದು ಮುಂದುವರಿದು ಇನ್ನೊಂದು ಹೆರಿಗೆಯಾದರೆ ಆಕೆ ಬದುಕುವಳೆಂಬ ಭರವಸೆ ನನಗಿರಲಿಲ್ಲ. ಆಕೆಗೂ ಇರಲಿಲ್ಲ.

"ನನಗ ಸಾಯೂ ಹೆದರಿಕಿ ಐತ್ರಿ," ಎಂದು ನೇರವಾಗಿಯೇ ಹೇಳಿದಳು. "ನಾಲ್ಕು ಮಕ್ಕಳನ್ನ ಯಾರು ನೋಡ್ತಾರ?"

ನಾನು ಗುಳಿಗೆಗಳ ಹೆಸರು ಓದಿದೆ. ಆ ದಿನಗಳಲ್ಲಿ 'ಮುಟ್ಟು ಬರೂ ಗುಳಿಗಿ' ಎಂದು ಅಂಗಡಿಗಳಲ್ಲಿ ಕೈಗೆ ಹಾಕುತ್ತಿದ್ದ ಹಾರ್ಮೋನಿನ ಗುಳಿಗೆಗಳು. ಗರ್ಭವಿಲ್ಲದೆ ಸುಮ್ಮನೆ ಮುಟ್ಟು ತಡವಾಗಿದ್ದರೆ ಅವು ಮುಟ್ಟು ತರಿಸಬಹುದು. ಗರ್ಭ ನಿಂತಿದ್ದರೆ ಇಳಿಸುವುದಿಲ್ಲ. ಒಳಗಿನ ಕೂಸಿಗೆ ಕೇಡು ಮಾಡಿದರೂ ಮಾಡಬಹುದು. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಇವತ್ತು ಬರಬಹುದು ನಾಳೆ ಬರಬಹುದು ಎಂದು ಕಾಯುತ್ತ ಹೆಂಗಸರು ದಿನ ಕಳೆಯುತ್ತಿದ್ದರು. ಇಷ್ಟನ್ನೂ ಆಕೆಗೆ ಬಿಡಿಸಿ ಹೇಳಿದೆ. ಪೊಟ್ಟಣವನ್ನು ತಾನಾಗಿಯೇ ನನ್ನ ಕಡೆ ಸರಿಸಿದಳು.

ಈಗ ಗರ್ಭ ಇಳಿಸುವ ನಿಜವಾದ ಗುಳಿಗೆಗಳು ಬಂದಿವೆ. ಸರಿಯಾದ ವಾರದಲ್ಲಿ, ಡಾಕ್ಟರಿಗೆ ತೋರಿಸಿ ತೆಗೆದುಕೊಂಡರೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ನೆರೆಹೊರೆಯ ಹುಡುಗಿಯರು ಈಗಲೂ ನನ್ನ ಹತ್ತಿರ ಬಂದು ಕೇಳುತ್ತಾರೆ. ಅವರನ್ನು ನಾನು ಕೇಳುವುದೂ ಅಂದು ಆಕೆಯನ್ನು ಕೇಳಿದ್ದನ್ನೇ. ಕೊನೆಯ ಮುಟ್ಟು ಶುರುವಾದ ಮೊದಲ ದಿನ ಯಾವುದು? ತಪ್ಪಿದ ದಿನವಲ್ಲ, ಶುರುವಾದ ದಿನ. ಕೆಳಹೊಟ್ಟೆ ಒಂದೇ ಮಗ್ಗುಲಿಗೆ ನೋಯುತ್ತದೆಯೇ, ಬವಳಿ ಬಂದು ಬಿದ್ದದ್ದುಂಟೇ? ಹಾಗಿದ್ದರೆ ಗರ್ಭ ಚೀಲದಲ್ಲಿಲ್ಲ, ನಳಿಕೆಯಲ್ಲಿ ಸಿಕ್ಕಿರಬಹುದು. ಅದಕ್ಕೆ ಗುಳಿಗೆ ಕೆಲಸಕ್ಕೆ ಬರುವುದಿಲ್ಲ, ತಡ ಮಾಡಿದರೆ ಜೀವಕ್ಕೆ ಅಪಾಯ. ಮೈಯಲ್ಲಿ ರಕ್ತ ಎಷ್ಟಿದೆ? ಒಳಗೆ ಕಾಪರ್-ಟಿ ಇದೆಯೇ? ಒಂದು ವೇಳೆ ರಕ್ತ ನಿಲ್ಲದೆ ಹೋದರೆ ಯಾವ ದವಾಖಾನೆಗೆ, ಯಾವ ಗಾಡಿಯಲ್ಲಿ, ಯಾರ ಜೊತೆ ಹೋಗುತ್ತೀ? ಇವಕ್ಕೆಲ್ಲ ಉತ್ತರ ಸಿಗುವ ತನಕ ಗುಳಿಗೆ ಬಾಯಿಗೆ ಹೋಗಬಾರದು.

ಆಕೆಗೆ ಮಗ್ಗುಲು ನೋವಿರಲಿಲ್ಲ, ಬವಳಿ ಬಂದಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಹೀರುಕಾಗದದ ಮೇಲೆ ಇಳಿಸಿ, ಬಣ್ಣದ ಪಟ್ಟಿಯ ಪಕ್ಕಕ್ಕೆ ಹಿಡಿದೆ. ರಕ್ತದ ಅಂಶ ಏಳು ಎಂಬ ಬಣ್ಣಕ್ಕೆ ಕೂಡಿತು. ಹತ್ತರ ಮೇಲಿದ್ದರೆ ನಾನು ನಿಶ್ಚಿಂತೆಯಾಗಿರುತ್ತಿದ್ದೆ.

"ಇನ್ನ ದಿನದ ಲೆಕ್ಕ ಹೇಳು. ಕಡೀ ಸಲ ಯಾವಾಗ ಮುಟ್ಟಾದಿ?"

"ನಾಗರ ಅಮಾಸಿ ದಿನಾನ ಆದೆ ನೋಡ್ರಿ, ಚಲೋ ನೆನಪೈತಿ. ಆಷಾಢದಾಗ ಆಗೇನಿ, ಶ್ರಾವಣದಾಗ ಆಗಿಲ್ಲ. ಒಂದ ತಪ್ಪೈತಿ."

ಹಳ್ಳಿಯ ಹೆಂಗಸರು ತಾರೀಖು ಹೇಳುವುದಿಲ್ಲ, ಅಮಾವಾಸ್ಯೆ ಹುಣ್ಣಿಮೆ ಹೇಳುತ್ತಾರೆ. ಅದನ್ನು ಇಂಗ್ಲಿಷ್ ತಾರೀಖಿಗೆ ತಂದು ಕಾರ್ಡಿನ ಮೇಲೆ ಬರೆಯುವುದು ನಮ್ಮ ಕೆಲಸ. ನಾನು ಅಣ್ಣಿಗೇರಿಯ ನೇಕಾರರ ಮನೆಯ ಮುಸ್ಲಿಂ ಹುಡುಗಿ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಓಣಿಯ ಹಬ್ಬಗಳೆಲ್ಲ ನನಗೆ ಬಾಯಿಪಾಠ ಎಂಬ ಜಂಬ ಬೇರೆ. ನಾಗರ ಅಮಾವಾಸ್ಯೆಯಾದ ಐದು ದಿನಕ್ಕೆ ನಾಗರ ಪಂಚಮಿ, ಇದು ಯಾರಿಗೆ ಗೊತ್ತಿಲ್ಲ? ಪಂಚಮಿಗೆ ಸಾಲೆ ಸೂಟಿ ಇದ್ದ ತಾರೀಖು ನೆನಪಿತ್ತು. ಅದರಲ್ಲಿ ಐದು ದಿನ ಕಳೆದೆ. ಐದು ವಾರ ಎಂದು ಕಾರ್ಡಿನಲ್ಲಿ ಬರೆದೆ. ಗೋಡೆಯ ಮೇಲೆ ಕ್ಯಾಲೆಂಡರ್ ತೂಗಾಡುತ್ತಿತ್ತು, ಎದ್ದು ಹೋಗಿ ನೋಡಲಿಲ್ಲ.

ತಾಲೂಕಿನ ದವಾಖಾನೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಪ್ರತಿ ಮಂಗಳವಾರ ಗರ್ಭಪಾತ ಮಾಡುತ್ತಿದ್ದರು. ಯಂತ್ರದಿಂದ ಹೀರಿ ತೆಗೆಯುವ, ಅರ್ಧ ತಾಸೂ ಹಿಡಿಯದ ಕೆಲಸ. ಆದರೆ ಹನ್ನೆರಡು ವಾರದೊಳಗೆ ಮಾತ್ರ. ಅದನ್ನು ದಾಟಿದರೆ ಕಾನೂನಿನ ಪ್ರಕಾರ ಇಬ್ಬರು ಡಾಕ್ಟರು ಒಪ್ಪಬೇಕು, ನಮ್ಮಲ್ಲಿದ್ದವರು ಒಬ್ಬರೇ. ಅಲ್ಲದೆ ಆಮೇಲಿನದು ದೂರದ ಊರಲ್ಲಿ ದಿನಗಟ್ಟಲೆ ಮಲಗಿಸಿ, ನೋವು ಬರಿಸಿ ಮಾಡುವಂಥದ್ದು. ರಕ್ತ ಹೆಚ್ಚು ಹೋಗುತ್ತದೆ, ಆಕೆಯ ಮೈಯಲ್ಲಿ ಕಳೆದುಕೊಳ್ಳುವಷ್ಟು ರಕ್ತವಿರಲಿಲ್ಲ. ಮುಂದಿನ ಮಂಗಳವಾರ ತಾಲೂಕಿಗೆ ಹೋದಾಗ ನಾನು ಲೇಡಿ ಡಾಕ್ಟರಿಗೆ ವಿಷಯ ತಿಳಿಸಿದೆ. "ಐದು ವಾರ ಅಂದ್ರ ಸಾಕಷ್ಟು ಟೈಮ್ ಐತಿ ಸಿಸ್ಟರ್. ಕಬ್ಬಿಣದ ಗುಳಿಗಿ ಕೊಡ್ರಿ, ರಕ್ತ ಏರಲಿ. ದಸರಾ ಆದಮ್ಯಾಲೆ ಕರಕೊಂಡು ಬರ್ರಿ," ಎಂದರು. ನಾನು ಕೊಟ್ಟ ಲೆಕ್ಕಕ್ಕೆ ಅದು ಸರಿಯಾದ ಸಲಹೆಯೇ.

ಆಮೇಲೆ ಹತ್ತು ದಿನ ಕಳೆದಿರಬೇಕು, ಒಂದು ಶನಿವಾರ ಗುಳಿಗೆ ನುಂಗುತ್ತಿದ್ದಾಳೋ ಇಲ್ಲವೋ ನೋಡಲು ಆಕೆಯ ಮನೆಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಸೊಸೆ ಕೂಸಿಗೆ ಹಾಲೂಡುತ್ತ ಕುಳಿತಿದ್ದಳು. ನಾಲಿಗೆ ತೆಗೆಸಿ ನೋಡಿದೆ, ತುಸು ಕೆಂಪೇರಿತ್ತು. ಗುಳಿಗೆ ನುಂಗಿದ್ದಳು.

"ವಾಂತಿ ಹೆಂಗೈತಿ?"

"ಕಡಿಮಿ ಆಗೇತ್ರಿ. ಈಗ ಊಟ ಸೇರಾಕತ್ತೈತಿ."

ನನಗೆ ಮುಳ್ಳು ಚುಚ್ಚಿದಂತಾಯಿತು. ನನ್ನ ಲೆಕ್ಕದ ಪ್ರಕಾರ ಆಕೆಗೆ ಏಳು ವಾರ. ವಾಂತಿ ಜೋರಾಗಬೇಕಾದ ಹೊತ್ತು, ಇಳಿಯುವ ಹೊತ್ತಲ್ಲ. ಹಿಂದಿನ ಬಸುರಿನಲ್ಲಿ ಆಕೆಗೆ ವಾಂತಿ ನಿಂತದ್ದು ಮೂರು ತಿಂಗಳಿಗೆ ಎಂಬುದೂ ನೆನಪಾಯಿತು. ಮೂತ್ರ ಮಾಡಿ ಬಾ ಎಂದು ಕಳಿಸಿ, ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಂಡಿ ಮಡಿಸಿ ಮಲಗಿಸಿದೆ. ಎಡಗೈಯ ಅಂಚನ್ನು ಹೊಕ್ಕುಳದಿಂದ ಮೆಲ್ಲಗೆ ಕೆಳಗೆ ಒತ್ತುತ್ತ ಬಂದೆ. ಕೆಳಗಿನ ಎಲುಬಿನ ಹತ್ತಿರ ಬೆರಳಿಗೆ ಗಟ್ಟಿಯಾದ, ದುಂಡನೆಯ ಅಂಚು ಸಿಕ್ಕಿತು. ಏಳು ವಾರದ ಗರ್ಭ ಹೊಟ್ಟೆಯ ಮೇಲಿಂದ ಕೈಗೆ ಸಿಗುವುದಿಲ್ಲ. ಮತ್ತೊಮ್ಮೆ ಒತ್ತಿದೆ. ಅಲ್ಲೇ ಇತ್ತು.

ಅವಳಿ ಇರಬಹುದೇ? ಗಡ್ಡೆ ಇರಬಹುದೇ? ಎರಡನ್ನೂ ಯೋಚಿಸಿದೆ. ಆದರೆ ಮೊದಲು ಅನುಮಾನಿಸಬೇಕಾದದ್ದು ನನ್ನ ಲೆಕ್ಕವನ್ನೇ. ಹೊರಗೆ ಬಂದು ಆಕೆಯನ್ನು ಅತ್ತೆಯ ಎದುರಿಗೇ ಮತ್ತೆ ಮೊದಲಿನಿಂದ ಕೇಳಿದೆ. ಅತ್ತೆಗೆ ವಿಷಯ ಅಷ್ಟರಲ್ಲಿ ಗೊತ್ತಾಗಿತ್ತು. ಒಂದೇ ಸೂರಿನಡಿ ಇರುವ ಹೆಂಗಸರಿಗೆ ಇಂಥದ್ದು ಮುಚ್ಚಿಡಲಾಗುವುದಿಲ್ಲ.

"ನಾಗರ ಅಮಾಸಿಗೆ ಮುಟ್ಟಾದಿ. ಅದಾಗಿ ಐದ ದಿನಕ್ಕ ಪಂಚಮಿ. ಹೌದಲ್ಲೊ?"

ಅತ್ತೆ ಮೊರ ಕೆಳಗಿಟ್ಟಳು. "ಪ್ರತಿ ವರ್ಷ ಹೌದ್ರಿ ಬಾಯಾರ. ಈ ವರ್ಷ ನಡುವ ಅಧಿಕ ಕುಂತಿತ್ತಲ್ಲ. ಅಮಾಸಿ ಆದಕೂಡಲೇ ಅಧಿಕ ಹತ್ತಿತು. ಅಧಿಕಕ್ಕಂತ ತವರಿನ್ಯಾರು ಮಗಳು ಅಳಿಯಾನ್ನ ಕರಕೊಂಡು ಹೋಗಿ, ಉಣಿಸಿ, ಸೀರಿ ಉಡಿಸಿ ಕಳಿಸಿದ್ರು. ಅದು ಮುಗದ ಮ್ಯಾಲೆ ಪಂಚಮಿ."

ನಾನು ಸೊಸೆಯ ಮುಖ ನೋಡಿದೆ. "ಅಧಿಕದಾಗ ಮುಟ್ಟಾಗಿದ್ದಿ ಏನು?"

"ಇಲ್ರಿ."

"ಮತ್ತ ಒಂದ ತಪ್ಪೈತಿ ಅಂತ ಯಾಕಂದಿ?"

"ಅಧಿಕ ಯಾರು ಎಣಸ್ತಾರ್ರಿ ಬಾಯಾರ?" ಆಕೆ ನನ್ನ ಅಜ್ಞಾನಕ್ಕೆ ಮರುಕಪಟ್ಟವಳಂತೆ ಹೇಳಿದಳು. "ಅದು ಲೆಕ್ಕಕ್ಕಿಲ್ಲದ ತಿಂಗಳಲ್ರಿ. ಅದರಾಗ ಮದಿವಿ ಇಲ್ಲ, ಮುಂಜಿವಿ ಇಲ್ಲ. ಆಷಾಢ ಆದಮ್ಯಾಲೆ ಶ್ರಾವಣಾನ."

ನಮ್ಮ ಹಬ್ಬಗಳೂ ಚಂದ್ರನ ಹಿಂದೆಯೇ ಹೋಗುತ್ತವೆ. ಆದರೆ ನಮ್ಮ ವರ್ಷಕ್ಕೆ ಹನ್ನೆರಡೇ ತಿಂಗಳು, ಹದಿಮೂರನೆಯದು ಎಂದೂ ಬಂದು ಕೂರುವುದಿಲ್ಲ. ಆಕೆ ಒಂದು ತಿಂಗಳನ್ನು ಎಣಿಸಲಿಲ್ಲ, ನನಗೆ ಅದು ಬಂದುಹೋದದ್ದೇ ಲಕ್ಷ್ಯಕ್ಕೆ ಬರಲಿಲ್ಲ. ಆಕೆಯದು ಅವರ ಮನೆಯ ರೂಢಿ. ನಾನು ಸರಕಾರದ ಸಂಬಳ ತಿಂದು ಲೆಕ್ಕ ಬರೆಯುವವಳು, ತಪ್ಪು ನನ್ನದೇ. ಆ ಹೊತ್ತಿನಲ್ಲಿ ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ, ಅತ್ತೆ ಕೊಟ್ಟ ಚಹಾದ ಬಟ್ಟಲನ್ನು ಹಾಗೇ ನೆಲದ ಮೇಲೆ ಬಿಟ್ಟೆ.

ಅವರ ಮನೆಯ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಹಾಳೆ ತಿರುವಿದೆ. ನಾನು ತಾರೀಖು ಎಣಿಸಿದೆ, ಅತ್ತೆ ಬೆರಳ ಗೆಣ್ಣಿನ ಮೇಲೆ ತಿಥಿ ಎಣಿಸಿದಳು. ಇಬ್ಬರ ಲೆಕ್ಕವೂ ಕೂಡಿತು. ಎಂಬತ್ತು ದಿನ. ಹನ್ನೊಂದು ವಾರ, ಮೂರು ದಿನ. ಬರುವ ಮಂಗಳವಾರಕ್ಕೆ ಹನ್ನೊಂದು ವಾರ, ಆರು ದಿನ. ಅದರ ಮುಂದಿನ ಮಂಗಳವಾರ ನಮ್ಮ ಪಾಲಿಗೆ ಇಲ್ಲ.

ರಕ್ತ ಏರಲಿ ಎಂದು ಕಾದರೆ ವಾರ ಮೀರುತ್ತದೆ, ಈಗಲೇ ಹೋದರೆ ರಕ್ತ ಸಾಲದು. ಡಾಕ್ಟರು ದಸರಾ ಆದಮೇಲೆ ಎಂದಿದ್ದಾರೆ. ಅವರು ಹೇಳಿದ ಮೇಲೂ ನಾನು ಕರೆದುಕೊಂಡು ಹೋಗಿ ನಿಂತರೆ ಬೈಸಿಕೊಳ್ಳುವುದು ಖಂಡಿತ. ಬೈಸಿಕೊಂಡರಾಯಿತು ಎಂದುಕೊಂಡೆ. ಕಡಿಮೆ ರಕ್ತದಲ್ಲಿ ಚಿಕ್ಕ ಕೆಲಸ ಮಾಡುವುದು, ಅದೇ ರಕ್ತದಲ್ಲಿ ದೊಡ್ಡ ಕೆಲಸ ಮಾಡುವುದಕ್ಕಿಂತ ಮೇಲು.

"ಮಂಗಳವಾರ ಮುಂಜಾನೆ ಮದಲನೇ ಬಸ್ಸಿಗೆ ಹೋಗೂಣು," ಎಂದೆ. "ನಿನ್ನ ಮನಸು ಗಟ್ಟಿ ಇದ್ರ ಮಾತ್ರ. ಇಲ್ಲಂದ್ರ ಈಗ ಹೇಳು, ನಾ ಬಸಿರಿನ ಕಾರ್ಡು ಮಾಡಿ ಹೆರಿಗಿ ತನಕ ನೋಡ್ಕೋತೀನಿ."

"ಗಟ್ಟಿ ಐತ್ರಿ."

ಅತ್ತೆ ಎದ್ದು ನಿಂತಳು. "ನನ್ನ ಮಗನ್ನ ಕೇಳಬೇಕಲ್ರಿ. ಅಳ್ನಾವರದ ಕಟಿಗಿ ಡಿಪೋದಾಗ ಅದಾನ, ಬರೂದು ಗುರುವಾರ. ಗಂಡನ ಸಹಿ ಇಲ್ದ ಮಾಡ್ತಾರೇನ್ರಿ?"

"ಕಾಯ್ದೆದಾಗ ಆಕೀದ ಒಬ್ಬಾಕೀದ ಸಹಿ ಸಾಕ್ರಿ ಅವ್ವಾರ. ಕೇಳೂದು ಬಿಡೂದು ನಿಮ್ಮ ಮನಿ ಮಾತು. ಆದ್ರ ಗುರುವಾರಕ್ಕ ಹನ್ನೆರಡು ವಾರ ದಾಟಿರತಾವ."

ಅತ್ತೆ ಬಗ್ಗಿ ಮೊರ ಎತ್ತಿ ಗೋಡೆಗೆ ಆನಿಸಿದಳು. ಆಮೇಲೆ, "ಕೂಸಿನ್ನ ನಾ ಎತಗೊಂಡು ಬರ್ತೀನಿ. ದಾರ್ಯಾಗ ಹಾಲಿಗೆ ಅಳತೈತಿ," ಎಂದಳು.

ಮಂಗಳವಾರ ಬಸ್ಸು ತಡವಾಗಿ ಬಂತು. ದವಾಖಾನೆ ಮುಟ್ಟಿದಾಗ ಲೇಡಿ ಡಾಕ್ಟರ್ ಕೈ ತೊಳೆಯುತ್ತಿದ್ದರು. ನನ್ನ ಚೀಟಿ ನೋಡಿ ಕನ್ನಡಕದ ಮೇಲಿಂದ ದಿಟ್ಟಿಸಿದರು.

"ಏನ್ರಿ ಸಿಸ್ಟರ್, ಐದು ವಾರ ಅಂದಿದ್ರಿ. ದಸರಾ ಆಗಲಿ ಅಂತ ಹೇಳಿದ್ದೆ. ಈಗೇನು ಗಡಿಬಿಡಿ?"

"ಅವತ್ತ ಒಂಬತ್ತು ದಾಟಿತ್ತು ಡಾಕ್ಟರ್. ಅಧಿಕ ಮಾಸ ಹಿಡೀಲಾರದ ಲೆಕ್ಕ ಹಾಕಿದೆ. ತಪ್ಪು ನಂದು. ಇವತ್ತಿಗೆ ಹನ್ನೊಂದು ವಾರ ಆರು ದಿನ."

ಚೀಟಿಯಲ್ಲೂ ಹಾಗೇ ಬರೆದಿದ್ದೆ. ಹಳೇ ಕಾರ್ಡು ಹರಿದು ಹೊಸದು ಬರೆಯಲು ಕೈ ಹೋಗಿತ್ತು, ಸುಳ್ಳು ಹೇಳಲಾರೆ. ಆದರೆ ಎರಡೂ ತಾರೀಖು ಕಣ್ಣ ಮುಂದಿದ್ದರೆ ಡಾಕ್ಟರಿಗೆ ಅವಸರ ಏಕೆಂಬುದು ತಿಳಿಯುತ್ತದೆ ಎಂದು ಹರಿಯದೆ ತಂದಿದ್ದೆ.

ಅವರು ಬೈಯಲಿಲ್ಲ. "ಈ ವರ್ಷ ಇನ್ನೆಷ್ಟು ಕಾರ್ಡು ಹಿಂಗ ಬರದೀರಿ?" ಎಂದು ಕೇಳಿದರು. ಬೈದಿದ್ದರೇ ವಾಸಿಯಿತ್ತು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಆ ವಾರವೇ ಕೂತು ಎಲ್ಲ ಕಾರ್ಡು ತಿದ್ದಿದೆ. ಮೂರು ಜನರ ಹೆರಿಗೆಯ ತಾರೀಖು ತಿಂಗಳಷ್ಟು ಹಿಂದಕ್ಕೆ ಬಂತು.

ಡಾಕ್ಟರು ನನ್ನನ್ನೂ ಅತ್ತೆಯನ್ನೂ ಹೊರಗೆ ಕಳಿಸಿ ಆಕೆಯೊಬ್ಬಳೊಡನೆ ಮಾತಾಡಿದರು. ಯಾರ ಒತ್ತಾಯವೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಅವರು ಯಂತ್ರ ಮುಟ್ಟುತ್ತಿರಲಿಲ್ಲ. ಒಳಗೆ ಕರೆದಾಗ ಆಕೆ ಕಾಗದದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುತ್ತಿದ್ದಳು. ನಾಲ್ಕನೇ ಇಯತ್ತೆ ಓದಿದ್ದಳು, ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲವಂತೆ. ಒಳಪರೀಕ್ಷೆ ಮಾಡಿ ಡಾಕ್ಟರು, "ಲೆಕ್ಕ ಬರೋಬರಿ ಐತಿ," ಎಂದರು. ಗಾಜಿನ ನಳಿಕೆಯಲ್ಲಿ ರಕ್ತ ಎಂಟೂವರೆ ತೋರಿಸಿತು. ಅವರು ಒಂದು ಗಳಿಗೆ ಯೋಚಿಸಿ, ಜೀಪಿನ ಡ್ರೈವರ್ ಎಲ್ಲೂ ಹೋಗಬಾರದು, ಬೇಕಾದರೆ ಹುಬ್ಬಳ್ಳಿಗೆ ಒಯ್ಯೋಣ ಎಂದು ಹೇಳಿ ಕಳಿಸಿದರು. ನನ್ನನ್ನು ನಾಡಿ ಹಿಡಿದು ನಿಲ್ಲಲು ಹೇಳಿದರು.

ನೋವು ತಿಳಿಯದಂತೆ ಸೊಂಟದ ಕೆಳಗೆ ಮದ್ದು ಚುಚ್ಚಿ ಶುರು ಮಾಡಿದರು. ಆಕೆ ಹಲ್ಲು ಕಚ್ಚಿ ಛತ್ತು ನೋಡುತ್ತಿದ್ದಳು. ಯಂತ್ರದ ಸದ್ದು ನಿಂತ ಮೇಲೆ ಡಾಕ್ಟರು ಬಾಟಲಿಯಲ್ಲಿ ಬಂದದ್ದನ್ನು ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದು, ಎಲ್ಲ ಬಂದಿದೆಯೇ ಎಂದು ಪರೀಕ್ಷಿಸಿದರು. ಅಷ್ಟರಲ್ಲಿ ನನ್ನ ಬೆರಳಿನಡಿ ನಾಡಿ ಓಡತೊಡಗಿತು. ನೂರು, ನೂರಾ ಹತ್ತು, ನೂರಾ ಇಪ್ಪತ್ತು. ಮೇಜಿನ ಕೆಳಗಿನ ಬೋಗುಣಿಗೆ ರಕ್ತ ಬೀಳುವ ಸದ್ದು ಕೇಳಿಸಿತು. ಹಿಂದಿನ ಹೆರಿಗೆಯಲ್ಲೂ ಹೀಗೇ ಶುರುವಾಗಿತ್ತು.

"ನಾಡಿ ಹೇಳ್ರಿ ಸಿಸ್ಟರ್."

"ನೂರಾ ಇಪ್ಪತ್ತು."

ಡಾಕ್ಟರು ಗರ್ಭಚೀಲ ಬಿಗಿಯಲೆಂದು ಇನ್ನೊಂದು ಸೂಜಿ ಕೊಟ್ಟು, ಒಂದು ಕೈ ಒಳಗೆ ಒಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಚೀಲವನ್ನು ಅದುಮಿ ಹಿಡಿದರು. ನಾನು ಗಡಿಯಾರ ನೋಡುತ್ತ ನಾಡಿ ಒದರುತ್ತಿದ್ದೆ. ನೂರಾ ಹದಿನಾರು. ನೂರಾ ಹತ್ತು. ನೂರಾ ನಾಲ್ಕು. ಅವರು ಕೈ ತೆಗೆದು, "ಗಟ್ಟಿ ಆತು," ಎಂದಾಗ ನನ್ನ ಕಣ್ಣು ತುಂಬಿದವು. ಗಡಿಯಾರದ ಕಡೆ ಮುಖ ಮಾಡಿದ್ದರಿಂದ ಯಾರಿಗೂ ಕಾಣಲಿಲ್ಲ.

ಜೀಪು ಬೇಕಾಗಲಿಲ್ಲ. ಸಂಜೆಯ ತನಕ ಮಲಗಿಸಿ, ರಕ್ತ ನೋಡಿ ಬಿಟ್ಟರು. ಒಂದು ತಾಸಿನೊಳಗೆ ಎರಡು ಅರಿವೆ ಪೂರ್ತಿ ತೊಯ್ದರೆ, ಜ್ವರ ಬಂದರೆ, ವಾಸನೆ ಬಂದರೆ ಕಾಯದೆ ಬರಬೇಕೆಂದು ಹೇಳಿದರು. ಮಕ್ಕಳಾಗದ ಆಪರೇಶನ್ ಮಾಡಿಸಿಕೊಳ್ಳುತ್ತೀಯಾ ಎಂದು ಕೇಳಿದ್ದಕ್ಕೆ, "ಅದು ಬ್ಯಾಡ್ರಿ, ಕಾಪರ್-ಟಿ ಹಾಕ್ರಿ. ಈ ಸಲ ಹಬ್ಬದ ನೆವ ಹೇಳಂಗಿಲ್ಲ," ಎಂದಳು ಆಕೆ. ಮೈ ಸುಧಾರಿಸಲಿ, ಮುಂದಿನ ಮುಟ್ಟಿನಲ್ಲಿ ಹಾಕೋಣ ಎಂದರು.

ಗುರುವಾರ ಆಕೆಯ ಗಂಡ ಉಪಕೇಂದ್ರದ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಚೀಲ ಹಾಗೇ ಇತ್ತು, ನೇರ ಬಸ್ಸಿನಿಂದ ಮನೆಗೆ ಹೋಗಿ ಅಲ್ಲಿಂದ ಸಿಟ್ಟಿನಲ್ಲಿ ಬಂದಿದ್ದ. ಕೂರು ಎಂದರೆ ಕೂರಲಿಲ್ಲ.

"ನಾ ಊರಾಗ ಇಲ್ದಾಗ ನನ್ನ ಹೆಂಡ್ತೀನ ಕರಕೊಂಡು ಹೋಗಾಕ ನಿಮಗ ಯಾರು ಹೇಳಿದ್ರು?"

ನಾನು ಉತ್ತರ ಕೊಡುವಷ್ಟರಲ್ಲಿ ಅವನ ತಾಯಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಿರಬಿರನೆ ಒಳಗೆ ಬಂದಳು. ಮಗನ ಹಿಂದೆಯೇ ನಡೆದು ಬಂದಿದ್ದಳು, ಏದುಸಿರು ಬರುತ್ತಿತ್ತು.

"ಅವರನ್ನೇನ ಬಾಗಲದಾಗ ನಿಂತು ಕೇಳ್ತಿ ಲೇ? ನನ್ನ ಕೇಳು. ಬಸುರಾದಾಕಿ ಆಕಿ, ಬ್ಯಾಡ ಅಂದಾಕಿ ಆಕಿ, ಸಹಿ ಮಾಡಿದಾಕಿ ಆಕಿ. ಕರಕೊಂಡು ಹ್ವಾದಾಕಿ ನಾ. ಮನ್ಯಾಗ ಹೆಣಾ ಇಟಗೊಂಡು ನಿನ್ನ ದಾರಿ ಕಾಯಬೇಕಿತ್ತೇನು?"

ಆತ ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಕೂಸು ಅಪ್ಪನ ಕಡೆ ಕೈ ಚಾಚಿತು. ಆತ ಚೀಲ ಕೆಳಗಿಟ್ಟು ಅದನ್ನು ಎತ್ತಿಕೊಂಡ.

ಕೊನೆಗೆ ಬೆಂಚಿನ ತುದಿಗೆ ಕುಳಿತು ತಲೆ ತಗ್ಗಿಸಿಯೇ ಕೇಳಿದ. "ಬಾಯಾರ, ಮೈಯಾಗ ರಕ್ತ ಆಗಾಕ ಆಕೀಗೆ ಏನೇನು ಉಣ್ಣಾಕ ಕೊಡಬೇಕ್ರಿ?"